ಚೀಟಿಯಲ್ಲಿ ಮೈದಾನವನ್ನೂ ಬರೆಯಿರಿ

ಮಾನಸಿಕ ಕಾಯಿಲೆಯವರಿಗೆ ಫುಟ್‌ಬಾಲ್ ಆಡಿಸೋಣ ಎಂದು ಬೆಳಗಾವಿಯಲ್ಲಿ ಬಾಯಿಬಿಟ್ಟರೆ ಮೊದಲು ಬರುವ ಮಾತು: ‘ಹುಚ್ಚರಿಗೆ ಆಟ ಯಾಕ್ರೀ? ಧಾರವಾಡದ ಹುಚ್ಚಾಸ್ಪತ್ರೆಗೆ ಕಳಸ್ರಿ.’ ಅದಕ್ಕೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ. ಎರಡನೆಯ ಮಾತು ಓದಿಕೊಂಡವರದು: ‘ಮೊದಲು ಡಾಕ್ಟರು, ಗುಳಿಗೆ ಸಿಗಲಿ, ಆಟ ಆಮೇಲೆ.’ ನನ್ನ ಜಗಳ ಇವರ ಜೊತೆ.

ಗುಳಿಗೆ ಬೇಕು, ಅದರಲ್ಲಿ ತಕರಾರಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಮುಖವನ್ನೇ ಕಂಡಿರಲಿಲ್ಲ. ಆದರೆ ಗುಳಿಗೆ ಸಿಕ್ಕವನ ಗತಿಯನ್ನೂ ನೋಡಿ. ಒಲಾಂಜಪಿನ್‌ನಂಥ ಔಷಧಿಯಿಂದ ಮೈ ಊದಬಹುದು, ಸಕ್ಕರೆ ಕಾಯಿಲೆ ಅಂಟಿಕೊಳ್ಳಬಹುದು. ತೀವ್ರ ಮಾನಸಿಕ ಕಾಯಿಲೆಯವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದೂ ಹೆಚ್ಚಾಗಿ ತಡೆಯಬಹುದಾದ ದೈಹಿಕ ಕಾಯಿಲೆಗಳಿಂದ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಿದ್ದರೆ ಓಡುವುದು ಆಮೇಲಿನ ಮಾತು ಹೇಗಾಯಿತು?

‘ವಾಕಿಂಗ್ ಮಾಡಲಿ ಬಿಡಿ’ ಎನ್ನಬಹುದು. ವಾಕಿಂಗ್ ತಪ್ಪಿಸಿದರೆ ಯಾರೂ ಕೇಳುವುದಿಲ್ಲ. ಫುಟ್‌ಬಾಲಿಗೆ ಬರದಿದ್ದರೆ ತಂಡದವರು ಫೋನ್ ಮಾಡುತ್ತಾರೆ. ಕಾಯಿಲೆ ಹತೋಟಿಗೆ ಬಂದರೂ ಬಿಟ್ಟುಹೋದ ಗೆಳೆಯರನ್ನು ಯಾವ ಔಷಧಿ ಅಂಗಡಿಯೂ ಮಾರುವುದಿಲ್ಲ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಬೆರೆತ ನಮ್ಮ ಊರಲ್ಲಿ ಇನ್ನೊಂದು ಅನುಕೂಲವೂ ಇದೆ: ಚೆಂಡಿನ ಪಾಸ್ ಕೇಳಲು ಯಾವ ಭಾಷೆಯಾದರೂ ಆದೀತು, ಗಡಿ ಆಯೋಗದ ವರದಿ ಬೇಕಿಲ್ಲ.

1978ರ ಕಾನೂನಿನಿಂದ ಹುಚ್ಚಾಸ್ಪತ್ರೆಗಳನ್ನು ಮುಚ್ಚತೊಡಗಿದ ಇಟಲಿಯಲ್ಲಿ ಮನೋವೈದ್ಯ ಸಾಂತೋ ರುಲ್ಲೋ ರೋಗಿಗಳದೇ ತಂಡ ಕಟ್ಟಿ 2016ರಲ್ಲಿ ಜಪಾನಿನ ಒಸಾಕಾಕ್ಕೆ ಆಡಲು ಕರೆದೊಯ್ದರು. ‘ಕ್ರೇಜಿ ಫಾರ್ ಫುಟ್‌ಬಾಲ್’ ಎಂಬ ಸಾಕ್ಷ್ಯಚಿತ್ರ ಅದರದೇ ಕಥೆ. ನಮಗೆ ಒಸಾಕಾ ಬೇಡ. ನಮ್ಮೂರ ಸದಾಶಿವನಗರದ ಆಸುಪಾಸಿನಲ್ಲೇ ಬಿಮ್ಸ್ ಆಸ್ಪತ್ರೆ ಇದೆ, ಕೆಎಲ್‌ಇ ಆಸ್ಪತ್ರೆ ಇದೆ, ನೆಹರೂ ನಗರದ ಜಿಲ್ಲಾ ಕ್ರೀಡಾಂಗಣವಿದೆ. ವಾರಕ್ಕೆರಡು ಸಂಜೆ ಮೈದಾನ ಬಿಟ್ಟುಕೊಡಲಿ, ಆಸ್ಪತ್ರೆಯ ಚೀಟಿಯಲ್ಲಿ ಅದರ ಹೊತ್ತನ್ನೂ ಬರೆಯಲಿ. ಇದೇ ಸದಾಶಿವನಗರದ ಸ್ಮಶಾನದಲ್ಲಿ ಊಟ ಮಾಡಿ, ಡಿಸೆಂಬರ್ 6ರ ರಾತ್ರಿ ಕಳೆದು ರಾಜಕಾರಣಿ ಸತೀಶ ಜಾರಕಿಹೊಳಿ ಮೂಢನಂಬಿಕೆಗೆ ಸವಾಲು ಹಾಕಿದ್ದರು. ಸ್ಮಶಾನದಲ್ಲಿ ಊಟ ಮಾಡುವ ಧೈರ್ಯ ತೋರಿದ ಊರಿಗೆ, ದೆವ್ವ ಮೆಟ್ಟಿದೆಯೆಂದು ಮನೆಯವರು ಕೂಡಿಹಾಕಿದ ಹುಡುಗನ ಜೊತೆ ಚೆಂಡು ಒದೆಯುವುದು ಕಷ್ಟವೇ?

ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಬ್ಯಾನರ್ ಕಟ್ಟಿ, ಮಂತ್ರಿಗಳಿಂದ ಒಂದು ಕಿಕ್ ಹೊಡೆಸಿ, ಫೋಟೊ ತೆಗೆದು ಮುಗಿಸುವುದಾದರೆ ಮಾತ್ರ ಈ ಉಸಾಬರಿಯೇ ಬೇಡ. ಚಿಕಿತ್ಸೆಯಲ್ಲಿರುವವರ ಫೋಟೊವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಕಲಮಿನಲ್ಲಿದೆ. ‘ರೋಗಿಗಳ ತಂಡ’ ಎಂದು ಜರ್ಸಿಯ ಮೇಲೆ ಬರೆಸುವುದೂ ಬೇಡ. ಕ್ಯಾಂಪ್ ಬಡಾವಣೆಯ ಹುಡುಗರೂ ಅದೇ ತಂಡದಲ್ಲಿ ಆಡಲಿ. ಹೆಣ್ಣುಮಕ್ಕಳಿಗೂ ಹೊತ್ತು ಇರಲಿ. ಕೋಚ್‌ಗೆ ನರ್ಸ್ ಒಬ್ಬರು ಪಾಠ ಹೇಳಲಿ. ಲಿಥಿಯಂ ತೆಗೆದುಕೊಳ್ಳುವವರು ಏಪ್ರಿಲ್ ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದರೆ ಔಷಧಿಯೇ ವಿಷವಾಗಬಹುದು. ಇದು ಗೊತ್ತಿಲ್ಲದವರ ಕೈಗೆ ಸೀಟಿ ಕೊಡಬಾರದು.

ಇನ್ನು ಖಾನಾಪುರ. ಜಾಂಬೋಟಿ, ಕಣಕುಂಬಿಯವರನ್ನು ಬೆಳಗಾವಿಗೆ ಬಾ ಎನ್ನುವ ಬದಲು ತಾಲ್ಲೂಕು ಕೇಂದ್ರದಲ್ಲೇ ಆಡಿಸಬೇಕು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ. ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಗಂಡುಹುಡುಗನ ಬಸ್ ಚಾರ್ಜು ಯಾರು ಕೊಡುತ್ತಾರೆ ಎಂಬುದನ್ನು ಜಿಲ್ಲಾಡಳಿತ ಚೆಂಡು ಕೊಳ್ಳುವ ಮೊದಲೇ ತೀರ್ಮಾನಿಸಲಿ.