ಆಡುವುದು ಬೇರೆ, ಆಟ ಕಟ್ಟುವುದು ಬೇರೆ

ಹಾನಗಲ್ಲಿನ ಒಂದು ಪಿಯು ಕಾಲೇಜಿನಲ್ಲಿ ನಾನು ನಾಲ್ಕು ವರ್ಷ ಅತಿಥಿ ಉಪನ್ಯಾಸಕನಾಗಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡಿದ್ದೇನೆ. ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿಯನ್ನು ಲ್ಯಾಬಿನಿಂದ ಹೊರಗೆ ಕಳಿಸಿದ ದಿನ ನಾನೂ ಅದೇ ಕೋಣೆಯಲ್ಲಿದ್ದೆ. ಅವಳ ಅಪರಾಧವೆಂದರೆ, ಆ ದಿನದ ಪ್ರೋಗ್ರಾಮ್ ಬೇಗ ಮುಗಿಸಿ ಉಳಿದ ಹೊತ್ತಿನಲ್ಲಿ ವಿಡಿಯೋ ಗೇಮ್ ಒಂದನ್ನು ಬರೆಯುತ್ತ ಕೂತಿದ್ದು. ಸುತ್ತು ಹಾಕಲು ಬಂದ ಹಿರಿಯರೊಬ್ಬರ ಕಣ್ಣಿಗೆ ಪರದೆಯ ಮೇಲೆ ಓಡುತ್ತಿದ್ದ ಹೋರಿ ಬಿತ್ತು. "ಇದೇನು ಕಾಲೇಜೋ, ಜಾತ್ರಿಯೋ?" ಎಂದರು. ಮರುದಿನ ಅವಳ ಅಪ್ಪನನ್ನು ಕರೆಸಿದರು. ಗದ್ದೆ ಕೆಲಸ ಬಿಟ್ಟು ಬಂದಿದ್ದ ಅವರು ನನ್ನ ಕಡೆ ತಿರುಗಿ, "ಸರ, ಆಟ ಆಡಾಕ ಮಗಳನ್ನ ಇಲ್ಲಿಗೆ ಕಳಸ್ಬೇಕೇನ್ರಿ?" ಎಂದು ಕೇಳಿದರು. ಅವಳು ಆಡುತ್ತಿರಲಿಲ್ಲ, ಆಟ ಕಟ್ಟುತ್ತಿದ್ದಳು ಎಂದು ಹೇಳಬಲ್ಲವನು ಅಲ್ಲಿ ನಾನೊಬ್ಬನೇ. ಮುಂದಿನ ವರ್ಷದ ನೇಮಕಾತಿಯ ಚಿಂತೆಯಲ್ಲಿ ಸುಮ್ಮನಿದ್ದೆ. ಅಂದು ಆಡಬೇಕಿದ್ದ ಮಾತನ್ನು ಈಗ ಆಡುತ್ತಿದ್ದೇನೆ.

ಅವಳು ಕಟ್ಟುತ್ತಿದ್ದುದು ಏನೆಂದು ಮೊದಲು ಹೇಳಬೇಕು. ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯ ನಮ್ಮ ಕಡೆ ಹೋರಿ ಹಬ್ಬ. ಕೊಬ್ಬರಿ ಸರ, ಬಲೂನು, ಜೂಲಗಳಿಂದ ಸಿಂಗರಿಸಿದ ಹೋರಿಯನ್ನು ಜನರ ನಡುವೆ ಬಿಡುತ್ತಾರೆ. ಓಡುವ ಹೋರಿಯ ಕೊರಳ ಕೊಬ್ಬರಿ ಹರಿದವನು ಗೆದ್ದ. ಯಾರ ಕೈಗೂ ಸಿಗದೆ ದಾಟಿದರೆ ಹೋರಿ ಗೆದ್ದಿತು. ಇರಿತಕ್ಕೆ ಸಿಕ್ಕು ಜೀವ ಕಳೆದುಕೊಂಡವರೂ ಇದ್ದಾರೆ. ಹೆಣ್ಣುಮಕ್ಕಳು ಮಾಳಿಗೆ ಮೇಲೆ ನಿಂತು ನೋಡುವವರು. ಈ ಹುಡುಗಿಗೆ ಅಖಾಡಕ್ಕೆ ಇಳಿಯುವ ಆಸೆ. ಪಿಯು ಪಠ್ಯದಲ್ಲಿ ಮೊದಲು ಸಿ ಪ್ಲಸ್ ಪ್ಲಸ್ ಇತ್ತು, ಈಗ ಪೈಥಾನ್ ಇದೆ. ಪೈಥಾನ್‌ನಲ್ಲಿ ಆಟ ಕಟ್ಟಲು ಪೈಗೇಮ್ ಎಂಬ ಉಚಿತ ಸಲಕರಣೆ 2000ದಿಂದಲೂ ಇದೆ. ಅದನ್ನು ಲ್ಯಾಬಿನ ಆ ಯಂತ್ರಕ್ಕೆ ಹಾಕಿಕೊಟ್ಟವನೂ ನಾನೇ.

ಮೊದಲ ವಾರವೇ ಹೋರಿ ಓಡಿತು. ಕೊಬ್ಬರಿಗೆ ಕೈ ತಾಗಿದರೆ ಒಂದು ಅಂಕ ಎಂದು ಬರೆದಿದ್ದಳು. ಒಮ್ಮೆ ತಾಗಿದರೆ ಇಪ್ಪತ್ತು, ಮೂವತ್ತು ಅಂಕ ಏರತೊಡಗಿತು. ಗೇಮ್ ಅಂದರೆ ಸೆಕೆಂಡಿಗೆ ಹತ್ತಾರು ಸಲ ಸುತ್ತುವ ಒಂದು ಲೂಪ್. ಪ್ರತಿ ಸುತ್ತಿನಲ್ಲೂ ಅದು "ತಾಗಿತೇ?" ಎಂದು ಕೇಳುತ್ತದೆ, ಕೈ ಕೊಬ್ಬರಿಯ ಮೇಲಿರುವಷ್ಟು ಹೊತ್ತೂ ಅಂಕ ಕೊಡುತ್ತಲೇ ಹೋಗುತ್ತದೆ. ಈ ಕೊಬ್ಬರಿ ಆಗಲೇ ಹರಿದಿದೆ ಎಂಬುದನ್ನು ನೆನಪಿಡಲು ಒಂದು ಬೂಲಿಯನ್ ವೇರಿಯಬಲ್ ಬೇಕೆಂದು ಅವಳು ಎರಡು ದಿನ ತಲೆ ಕೆರೆದುಕೊಂಡು ಕಂಡುಕೊಂಡಳು. ಬೂಲಿಯನ್ ಎಂದರೇನು ಎಂಬ ಪ್ರಶ್ನೆಗೆ ನನ್ನ ತರಗತಿಯಲ್ಲಿ ಎಲ್ಲರೂ ಉತ್ತರ ಬರೆಯುತ್ತಿದ್ದರು. ಅದು ಯಾಕೆ ಬೇಕೆಂದು ಗೊತ್ತಿದ್ದದ್ದು ಇವಳಿಗೆ ಮಾತ್ರ.

ಆಮೇಲೆ ಅಕ್ಕಿಆಲೂರಿನ ದೊಡ್ಡಪ್ಪನ ಮಗನ ಲ್ಯಾಪ್‌ಟಾಪಿನಲ್ಲಿ ಆಡಿಸಿ ನೋಡಿ ಬಂದಳು. "ಸರ, ಅಣ್ಣನ ಲ್ಯಾಪ್‌ಟಾಪಿನಾಗ ಹೋರಿ ಕಣ್ಣಿಗೇ ಕಾಣವಲ್ದ್ರಿ, ಹಾರಿ ಹೋಗ್ತೈತಿ." ನಮ್ಮ ಹಳೆಯ ಯಂತ್ರದಲ್ಲಿ ಲೂಪ್ ನಿಧಾನ ಸುತ್ತುತ್ತಿತ್ತು, ಅಲ್ಲಿ ಬೇಗ ಸುತ್ತುತ್ತಿತ್ತು. ಹೋರಿಯ ವೇಗವನ್ನು ಅವಳು ಸುತ್ತಿಗೆ ಇಷ್ಟು ಎಂದು ಬರೆದಿದ್ದಳು, ಸೆಕೆಂಡಿಗೆ ಇಷ್ಟು ಎಂದಲ್ಲ. "ವೇಗ ಅಂದ್ರ ಏನವ್ವಾ?" ಎಂದಷ್ಟೇ ಕೇಳಿದೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ದೂರ, ವೇಗ, ಕಾಲದ ಸೂತ್ರ ಮರುದಿನ ಅವಳ ಪ್ರೋಗ್ರಾಮಿನೊಳಗೆ ಬಂದು ಕೂತಿತ್ತು. ಪ್ರತಿ ಸುತ್ತಿನಲ್ಲೂ ಕಳೆದ ಕಾಲವನ್ನು ಅಳೆದು, ವೇಗದಿಂದ ಗುಣಿಸಿ, ಅಷ್ಟು ದೂರ ಹೋರಿಯನ್ನು ಸರಿಸುವುದು.

ಆ ತಿದ್ದುಪಡಿ ಹೊಸ ತೊಡಕು ತಂದಿತು. ನಿಧಾನದ ಯಂತ್ರದಲ್ಲಿ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋರಿ ದೊಡ್ಡ ಹೆಜ್ಜೆ ಹಾಕಬೇಕಾಯಿತು. ಒಂದು ಸುತ್ತಿನಲ್ಲಿ ಕೊಬ್ಬರಿ ಕೈಯ ಈಚೆ, ಮುಂದಿನ ಸುತ್ತಿನಲ್ಲಿ ಆಚೆ. ನಡುವೆ ತಾಗಿದ್ದನ್ನು ಯಂತ್ರ ನೋಡಲೇ ಇಲ್ಲ. "ಕೈಯಾಗಿಂದನ ಹಾದು ಹೋಗ್ತೈತ್ರಿ ಸರ, ಸಿಗವಲ್ದು." ಹಿಂದಿನ ಜಾಗ ಮತ್ತು ಈಗಿನ ಜಾಗದ ನಡುವೆ ಕೈ ಇತ್ತೇ ಎಂದು ಪರೀಕ್ಷಿಸಬೇಕು ಎಂಬಲ್ಲಿಗೆ ಅವಳು ತಲುಪಿದ್ದಳು. ಅವಳನ್ನು ಹೊರಗೆ ಕಳಿಸಿದ್ದು ಆ ದಿನ.

ಒಳಗೆ ಉಳಿದವರು ಏನು ಮಾಡುತ್ತಿದ್ದರು? ರೆಕಾರ್ಡ್ ಬುಕ್ ಬರೆಯುತ್ತಿದ್ದರು. ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಎಂಬುದು ಕೈಬರಹದ ವಿದ್ಯೆ. ಹಿಂದಿನ ವರ್ಷದವರ ರೆಕಾರ್ಡ್ ನೋಡಿ ಬಲಪುಟದಲ್ಲಿ ಪ್ರೋಗ್ರಾಮ್, ಎಡಪುಟದಲ್ಲಿ ಔಟ್‌ಪುಟ್ ಇಳಿಸುವುದು, ಸಹಿ ಹಾಕಿಸುವುದು. ಯಂತ್ರ ಚಾಲೂ ಆಗುವ ಮೊದಲೇ ಔಟ್‌ಪುಟ್ ಬರೆದಾಗಿರುತ್ತದೆ! ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮ್ ಎಲ್ಲರಿಗೂ ಕಂಠಪಾಠ. ಒಮ್ಮೆ ನಾನು ನಾಲ್ಕು ಸಂಖ್ಯೆ ಕೊಟ್ಟೆ. ಮೂವತ್ತು ಜನರ ಕೈ ನಿಂತಿತು. ಒಬ್ಬ ಎದ್ದು, "ಸರ, ಇದು ಸಿಲಬಸ್ಸಿನಾಗ ಇಲ್ರಿ" ಎಂದ. ತಪ್ಪು ಅವನದಲ್ಲ. ನಾವು ಅವನಿಗೆ ಕಲಿಸಿದ್ದು ಹಾಗೆ.

ವಿಡಿಯೋ ಗೇಮ್ ಈ ಕಂಠಪಾಠಕ್ಕೆ ಬಗ್ಗುವುದಿಲ್ಲ. ತಪ್ಪು ಬರೆದರೆ ಹೋರಿ ಹಾರುತ್ತದೆ ಅಥವಾ ನೆಲದೊಳಗೆ ಹೂತುಹೋಗುತ್ತದೆ. ಯಾರ ಸಹಿಯೂ ಅದನ್ನು ಸರಿ ಮಾಡಲಾರದು. ಇದನ್ನು ಮೊದಲು ಕಂಡವರಲ್ಲಿ ಸೀಮರ್ ಪ್ಯಾಪರ್ಟ್ ಒಬ್ಬರು. 1967ರಲ್ಲಿ ಗೆಳೆಯರೊಡನೆ ಮಕ್ಕಳಿಗಾಗಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ರೂಪಿಸಿದರು. ತಪ್ಪು ಎಂದರೆ ಅಂಕ ಕಳೆಯುವ ಜಾಗವಲ್ಲ, ಮಗು ನಿಂತು ನೋಡಿ ತಿದ್ದಬೇಕಾದ ಜಾಗ ಎಂಬುದು ಅವರ ನಿಲುವಾಗಿತ್ತು. ನಮ್ಮ ರೆಕಾರ್ಡ್ ಬುಕ್ಕಿನಲ್ಲಿ ತಪ್ಪಿಗೆ ಜಾಗವೇ ಇಲ್ಲ. ತಪ್ಪಾದರೆ ಹಾಳೆ ಕಿತ್ತು ಹೊಸದಾಗಿ ಬರೆಯಬೇಕು.

ಇದು ಪರದೇಶದ ಮಾತು, ನಮ್ಮ ಹಳ್ಳಿಯ ಮಕ್ಕಳಿಗೆ ಆಗಿಬರುವುದಿಲ್ಲ ಎನ್ನುವವರು ತಮ್ಮ ತಾಲ್ಲೂಕನ್ನೇ ಒಮ್ಮೆ ನೋಡಲಿ. 1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕಣ್ಣು ಕಾಣದ ಹುಡುಗನೊಬ್ಬನ ಹಾಡು ಕೇಳಿ, ಹಾನಗಲ್ ಕುಮಾರ ಸ್ವಾಮಿಗಳು ಅವನ ಸಂಗೀತ ಕಲಿಕೆಗೆ ಏರ್ಪಾಡು ಮಾಡಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅವರ ಬಳಿ ಬೆಳೆದ, 1914ರಲ್ಲಿ ಇದೇ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಇನ್ನೊಬ್ಬ ಹುಡುಗ ಪುಟ್ಟರಾಜ ಗವಾಯಿಗಳಾದರು. ಅವರಿಗೆ ಯಾರೂ ರಾಗದ ವ್ಯಾಖ್ಯೆ ಬರೆಸಿ ಸಹಿ ಹಾಕಲಿಲ್ಲ. ಹಾಡಿಸಿದರು, ನುಡಿಸಿದರು. ಅಪಸ್ವರ ತಾಗಿದರೆ ಕಿವಿಯೇ ಹೇಳುತ್ತದೆ. ಪ್ರೋಗ್ರಾಮಿಂಗ್ ಕಲಿಯುವವನಿಗೂ ಅಂಥ ಕಿವಿ ಬೇಕು. ಗೇಮ್ ಅದನ್ನು ಕೊಡುತ್ತದೆ.

ಆ ಅಪ್ಪನ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ರಾತ್ರಿಯಿಡೀ ಫೋನಿಗೆ ಅಂಟಿಕೊಂಡು ಬೆಳಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗರನ್ನು ನೋಡಿದ್ದೇನೆ. ದುಡ್ಡು ಕಟ್ಟಿ ಆಡುವ ಆಟದಲ್ಲಿ ಗೊಬ್ಬರಕ್ಕಿಟ್ಟ ಹಣ ಕಳೆದವರನ್ನೂ ಬಲ್ಲೆ. ಆದರೆ ದುಡ್ಡಿನ ಆಟವನ್ನು ನಿಷೇಧಿಸಿದ 2025ರ ಕೇಂದ್ರ ಕಾನೂನೇ ಇ-ಸ್ಪೋರ್ಟ್ಸ್ ಮುಂತಾದ ಬೇರೆ ಆಟಗಳಿಗೆ ಉತ್ತೇಜನ ಕೊಡಬೇಕು ಎನ್ನುತ್ತದೆ. ಸಂಸತ್ತಿಗೆ ತಿಳಿದ ಭೇದ ನಮ್ಮ ಸ್ಟಾಫ್ ರೂಮಿಗೆ ತಿಳಿಯಬಾರದೇ? ಇಸ್ಪೀಟಿನ ಅಡ್ಡೆ ಇದೆಯೆಂದು ಯಾರೂ ಗಣಿತದಿಂದ ಸಂಭವನೀಯತೆಯ ಪಾಠ ಕಿತ್ತು ಹಾಕುವುದಿಲ್ಲ. ಇನ್ನು, ಆಟ ಕಟ್ಟಿದವರು ಆಟದ ಮೋಸವನ್ನೂ ಬೇಗ ಹಿಡಿಯುತ್ತಾರೆ. ಎಷ್ಟು ಸಲ ಸೋತ ಮೇಲೆ ಒಮ್ಮೆ ಗೆಲ್ಲಿಸಿದರೆ ಆಡುವವನು ಎದ್ದು ಹೋಗುವುದಿಲ್ಲ ಎಂಬುದನ್ನು ಅವಳೇ ಒಂದು ಸಾಲು ಬದಲಿಸಿ ಪರೀಕ್ಷಿಸಿದ್ದಳು. "ಹಿಂಗ ಮಾಡಿದ್ರ ಮಂದಿ ಬಿಡಾಂಗಿಲ್ರಿ ಸರ" ಎಂದು ನಕ್ಕಿದ್ದಳು. ಫೋನಿನ ಚಟದ ಬಗ್ಗೆ ನಾವು ಮಾಡಿಸುವ ಯಾವ ಭಾಷಣವೂ ಇಷ್ಟು ಕಲಿಸಿಲ್ಲ.

ಇನ್ನೊಂದು ಕಡೆಯವರ ಮೇಲೂ ನನಗೆ ಸಿಟ್ಟಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಆರು ವರ್ಷದ ಮಗು ಕೋಡಿಂಗ್ ಕಲಿಯದಿದ್ದರೆ ಭವಿಷ್ಯವೇ ಇಲ್ಲ ಎಂಬಂತೆ ಜಾಹೀರಾತುಗಳು ಟಿವಿಯಲ್ಲಿ ಕೂಗಿದವು. ಅವರು ಮಾರಿದ್ದು ಹೆದರಿಕೆ. ಗೇಮ್ ಮಾಡಿದರೆ ನೌಕರಿ ಖಚಿತ ಎಂದು ನಾನು ಯಾರಿಗೂ ಹೇಳಲಾರೆ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್ಯಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾಯಿತು; ರಾಜ್ಯ ಸರ್ಕಾರ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೊಂದು ನೀತಿ ತಂದಿತು, 2024ರಲ್ಲಿ ಮತ್ತೊಂದು. ಆ ನೀತಿಯ ದಾರಿ ಇನ್ನೂ ನಮ್ಮ ಲ್ಯಾಬಿನ ಬಾಗಿಲಿಗೆ ಬಂದಿಲ್ಲ. ಬಂದರೂ ಎಲ್ಲರೂ ಪ್ರೋಗ್ರಾಮರ್ ಆಗಬೇಕಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಬಲ್ಲವರು ಅಂಗಡಿ ಇಟ್ಟರೂ, ಮಾವಿನ ತೋಟ ಮಾಡಿದರೂ ಆ ವಿದ್ಯೆ ಕೈಬಿಡುವುದಿಲ್ಲ.

ಗೇಮ್ ಕ್ಷುಲ್ಲಕ ಎನ್ನುವವರಿಗೆ ಒಂದು ಕತೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಗ್ರಹಗಳ ನಡುವೆ ನೌಕೆ ಓಡಿಸುವ ಗೇಮ್ ಬರೆದರು. ದೊಡ್ಡ ಯಂತ್ರದಲ್ಲಿ ಅದನ್ನು ಆಡುವುದು ದುಬಾರಿಯಾಯಿತು. ಮೂಲೆಯಲ್ಲಿದ್ದ, ಹೆಚ್ಚು ಬಳಕೆಯಿಲ್ಲದ ಪಿಡಿಪಿ-7 ಎಂಬ ಚಿಕ್ಕ ಯಂತ್ರಕ್ಕೆ ಗೇಮನ್ನು ಒಗ್ಗಿಸಲು ಹೊರಟರು. ಹಾಗೆ ಕೈಗೆ ಬಂದ ಯಂತ್ರದ ಮೇಲೆಯೇ ಅವರು ಯುನಿಕ್ಸ್ ಕಟ್ಟಿದ್ದು. ಆ ಯುನಿಕ್ಸ್ ಮಾದರಿಯಲ್ಲಿ 1991ರಲ್ಲಿ ಲಿನಕ್ಸ್ ಬಂತು, ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಇರುವುದು ಲಿನಕ್ಸ್. ಥಾಂಪ್ಸನ್ನರ ಅಪ್ಪನನ್ನು ಯಾರೂ ಕರೆಸಲಿಲ್ಲ.

ಕನ್ನಡದ ಮಾತನ್ನೂ ಹೇಳಬೇಕು, ಯಾಕೆಂದರೆ ಇಂಗ್ಲಿಷ್ ಬಾರದವರಿಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪೈಥಾನ್‌ನಲ್ಲಿ ಕಲಿಯಲೇಬೇಕಾದ ಇಂಗ್ಲಿಷ್ ಪದಗಳು 35ರಷ್ಟು. ಉಳಿದ ಹೆಸರುಗಳನ್ನು, 2008ರಲ್ಲಿ ಬಂದ ಮೂರನೇ ಆವೃತ್ತಿಯಿಂದ, ಕನ್ನಡ ಲಿಪಿಯಲ್ಲೇ ಇಡಬಹುದು. ಅವಳ ಪ್ರೋಗ್ರಾಮಿನಲ್ಲಿ 'ಹೋರಿ_ವೇಗ' ಎಂಬ ವೇರಿಯಬಲ್ ಇತ್ತು, ಯಂತ್ರ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಪರದೆಯ ಮೇಲೆ. 'ಕೊಬ್ಬರಿ' ಎಂದು ತೋರಿಸಲು ಹೇಳಿದರೆ ಒತ್ತಕ್ಷರ ಬಿಡಿಸಿಕೊಂಡು 'ಕೊಬ್‌ಬರಿ' ಎಂದು ಬಂತು. ಕನ್ನಡದ ಅಕ್ಷರಗಳನ್ನು ಜೋಡಿಸಿ ತೋರಿಸಲು ಬೇರೆಯೇ ವ್ಯವಸ್ಥೆ ಬೇಕು, ನಮ್ಮ ಲ್ಯಾಬಿನ ಹಳೆಯ ಪೈಗೇಮಿನಲ್ಲಿ ಅದಿರಲಿಲ್ಲ. ಅವಳು ಹೆಸರನ್ನು ಚಿತ್ರವಾಗಿ ಬರೆದು ಅಂಟಿಸಿದಳು. ಕನ್ನಡ ಕಂಪ್ಯೂಟರಿಗೆ ಹೊಂದುವುದಿಲ್ಲವೇಕೆ ಎಂದು ವೇದಿಕೆಯಲ್ಲಿ ಮರುಗುವ ನಾವು, ಆ ತೊಡಕನ್ನು ಕೈಯಾರೆ ಮುಟ್ಟಿದ ಹದಿನೇಳರ ಹುಡುಗಿಯನ್ನು ಹೊರಗೆ ಕಳಿಸಿದೆವು.

ನಾನು ಕೇಳುವುದು ಹೆಚ್ಚಿಲ್ಲ. ವಾರಕ್ಕೆ ಎರಡು ಗಂಟೆ ಲ್ಯಾಬನ್ನು ಮಕ್ಕಳ ಸ್ವಂತ ಕಟ್ಟುವಿಕೆಗೆ ಬಿಡಿ. ರೆಕಾರ್ಡಿನಲ್ಲಿ ಹದಿನೈದು ಸರಿ ಪ್ರೋಗ್ರಾಮುಗಳ ಬದಲು ಹತ್ತು ಬರೆಸಿ, ಉಳಿದ ಹಾಳೆಗಳಲ್ಲಿ ಯಾವ ತಪ್ಪು ಬಂತು, ಹೇಗೆ ಸಿಕ್ಕಿತು ಎಂದು ಬರೆಯಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಓಡುವ ಪ್ರೋಗ್ರಾಮೊಂದನ್ನು ಕೊಟ್ಟು, ಇದನ್ನು ಹೀಗೆ ಬದಲಿಸು ಎಂದು ಒಂದಾದರೂ ಪ್ರಶ್ನೆ ಕೇಳಿ. ಇದಕ್ಕೆ ದುಡ್ಡು ಬೇಡ. ಸಲಕರಣೆಗಳೆಲ್ಲ ಉಚಿತ, ಇಂಥ ಚಿಕ್ಕ ಆಟಕ್ಕೆ ಹಳೆಯ ಯಂತ್ರವೇ ಸಾಕು. ಪರದೆಯ ಮೇಲೆ ಆಟ ಕಂಡರೆ ಬೈಯುವ ಮೊದಲು, "ಇದನ್ನ ಯಾರು ಮಾಡಿದ್ದು?" ಎಂದೊಮ್ಮೆ ಕೇಳಿ.

ಆ ಹುಡುಗಿ ಲ್ಯಾಬಿಗೆ ಮತ್ತೆ ಉಳಿದ ಹೊತ್ತಿನಲ್ಲಿ ಬರಲಿಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆದಳು, ಮೂರು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕಿ. ಮುಂದಿನ ದೀಪಾವಳಿಗೆ ಅವಳ ಊರಿನ ಹೋರಿ ಹಬ್ಬಕ್ಕೆ ಹೋಗಿದ್ದೆ. ಮನೆಯ ಕಟ್ಟೆಯ ಮೇಲೆ ಅಣ್ಣನ ಲ್ಯಾಪ್‌ಟಾಪ್, ಸುತ್ತ ಹುಡುಗರ ಗುಂಪು. ಹೋರಿ ಈಗ ಕೈಯೊಳಗಿಂದ ಹಾದು ಹೋಗುತ್ತಿರಲಿಲ್ಲ; ಲ್ಯಾಬಿನಲ್ಲಿ ಬಿಟ್ಟ ಕೆಲಸವನ್ನು ಒಬ್ಬಳೇ ಮುಗಿಸಿದ್ದಳು. ಅವಳ ಅಪ್ಪ ಹಿಂದೆ ನಿಂತು ನೋಡುತ್ತಿದ್ದರು. ನನ್ನನ್ನು ಕಂಡವರೇ, "ಇದನ್ನ ಇಕಿನ ಮಾಡಿದ್ದಂತ ಸರ. ಆವತ್ತ ನೀವ್ಯಾಕ ಹೇಳ್ಲಿಲ್ರಿ?" ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.