ಓತಿಕ್ಯಾತನಿಗೆ ಬೇಲಿ ಸಾಕ್ಷಿ

ಟ್ರಂಪ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಕೊಡಬೇಕಂತೆ! 2025ರ ಜುಲೈಯಲ್ಲಿ ಶ್ವೇತಭವನಕ್ಕೇ ಹೋಗಿ ಶಿಫಾರಸು ಪತ್ರ ತೋರಿಸಿದವರು ಯಾರು ಗೊತ್ತೇ? ಇಸ್ರೇಲಿನ ಪ್ರಧಾನಿ ನೆತನ್ಯಾಹು. ಗಾಝಾದಲ್ಲಿ ಹಸಿವನ್ನೇ ಅಸ್ತ್ರ ಮಾಡಿಕೊಂಡ ಆರೋಪದಲ್ಲಿ ಅಂತರ್‌ರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2024ರ ನವೆಂಬರ್‌ನಲ್ಲೇ ಇವರ ವಿರುದ್ಧ ಬಂಧನ ವಾರಂಟ್ ಹೊರಡಿಸಿದೆ. ಅದಕ್ಕೂ ಮೊದಲು, ಜೂನ್‌ನಲ್ಲಿ, ಪಾಕಿಸ್ತಾನ ಸರಕಾರವೂ ಟ್ರಂಪ್ ಹೆಸರನ್ನೇ ಸೂಚಿಸುವುದಾಗಿ ಸಾರಿತ್ತು. ಒಂದೆರಡು ದಿನದೊಳಗೆ ಅಮೆರಿಕದ ಬಾಂಬುಗಳು ಇರಾನಿನ ಮೇಲೆ ಬಿದ್ದವು.

1973ರಲ್ಲಿ ಅಮೆರಿಕದ ಕಿಸಿಂಜರ್ ಜೊತೆ ಇದೇ ಪ್ರಶಸ್ತಿ ವಿಯೆಟ್ನಾಮಿನ ಲೆ ಡಕ್ ಥೋ ಅವರಿಗೂ ಬಂದಿತ್ತು. ನಮ್ಮ ನೆಲಕ್ಕೆ ಶಾಂತಿಯೇ ಬಂದಿಲ್ಲ ಎಂಬ ಕಾರಣಕ್ಕೆ ಅವರು ಬೇಡವೆಂದರು. ಅಳತೆಗೋಲು ಅದು. ಶಾಂತಿ ಬಂತೋ ಇಲ್ಲವೋ ಅಂತ ಹೇಳಬೇಕಾದವರು ಬಾಂಬು ಹಾಕಿದವರಲ್ಲ, ಅವರ ಗೆಳೆಯರೂ ಅಲ್ಲ. ಗಾಝಾದ ಡೇರೆಯಲ್ಲಿ ಮಗುವನ್ನು ಮಲಗಿಸುವ ತಾಯಿ. ಆಕೆಯ ಸಾಕ್ಷಿ ಸಿಗುವವರೆಗೆ ಟ್ರಂಪ್‌ಗೆ ಈ ಪ್ರಶಸ್ತಿ ಸಲ್ಲದು.