ಮೇಣಚಿತ್ರದವರನ್ನು ಮುಂದಿನ ವರ್ಷವೂ ಕರೆಯೋಣ

"ಕನ್ನಡ ಸಂಘಕ್ಕೂ ಮೇಣಕ್ಕೂ ಏನ್ರೀ ಸಂಬಂಧ?"

ಈ ವಸಂತ ಸೆಮಿಸ್ಟರ್‌ನಲ್ಲಿ ನಮ್ಮ ಸಂಘ ಊರಿನ ಮೇಣಚಿತ್ರ ಕಲಾವಿದರ ಒಂದು ದಿನದ ಕೂಟವನ್ನು ನಡೆಸಿಕೊಟ್ಟಿತಲ್ಲ, ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬರ್ತಾನೇ ಇದೆ. ಪ್ರಶ್ನೆ ನ್ಯಾಯವಾದದ್ದೇ. ಸಂಘದ ದುಡ್ಡು ಎಲ್ಲರದ್ದು, ಸಮಯವೂ ಎಲ್ಲರದ್ದು. ಈ ವರ್ಷದ ಸಮಿತಿಯಲ್ಲಿದ್ದ ನಾವು ಕೆಲವರು ಸೇರಿ ಇಲ್ಲಿ ಉತ್ತರ ಬರೀತಿದ್ದೀವಿ. ಒಂದೇ ಮಾತಲ್ಲಿ ಹೇಳೋದಾದರೆ, ಸಂಬಂಧ ಇರಲಿ ಬಿಡಲಿ, ಅವರನ್ನು ಮುಂದಿನ ವರ್ಷವೂ ಕರೆಯಬೇಕು.

ಅವತ್ತು ಬರಲಾಗದವರಿಗೆ ಮೊದಲು ಆ ಕಲೆಯ ಬಗ್ಗೆ ಎರಡು ಮಾತು. ಜೇನುಮೇಣಕ್ಕೆ ಡಮಾರ್ ಅನ್ನುವ ಮರದ ಅಂಟನ್ನೂ ಬಣ್ಣದ ಪುಡಿಯನ್ನೂ ಸೇರಿಸಿ ಕರಗಿಸುತ್ತಾರೆ. ಬಿಸಿ ಇರುವಾಗಲೇ ಬ್ರಶ್‌ನಿಂದ ಮರದ ಹಲಗೆಯ ಮೇಲೆ ಬಳಿಯುತ್ತಾರೆ. ಹಲಗೆ ಮುಟ್ಟಿದ ಕೆಲವೇ ಕ್ಷಣಗಳಲ್ಲಿ ಮೇಣ ಗಟ್ಟಿಯಾಗುತ್ತೆ. ಆಮೇಲೆ ಪ್ರತಿ ಪದರವನ್ನೂ ಮತ್ತೆ ಬಿಸಿ ಮಾಡಿ ಕೆಳಗಿನ ಪದರಕ್ಕೆ ಬೆಸೆಯಬೇಕು. ಇದಕ್ಕೆ ಎನ್‌ಕಾಸ್ಟಿಕ್ ಅನ್ನುತ್ತಾರೆ. ಗ್ರೀಕ್ ಮೂಲದ ಈ ಮಾತಿನ ಅರ್ಥವೇ 'ಸುಟ್ಟು ಕೂಡಿಸಿದ್ದು'. ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1954-55ರಲ್ಲಿ ಮಾಡಿದ, ಈಗ ನ್ಯೂಯಾರ್ಕಿನ ಮೋಮಾದಲ್ಲಿರುವ ಬಾವುಟದ ಚಿತ್ರ ಗೊತ್ತಿದೆಯಲ್ಲ, ಅದು ಮೇಣದ್ದೇ. ಬೇರೆ ಬಣ್ಣ ಒಣಗಲು ತಡವಾಗುತ್ತಿತ್ತು ಅಂತ ಅವರು ಮೇಣಕ್ಕೆ ಬಂದರು.

ಈ ಕೂಟ ನಮ್ಮ ಪಾಲಿಗೆ ಬಂದದ್ದು ಹೀಗೆ. ಊರಿನ ಮೇಣಚಿತ್ರದವರು ತಿಂಗಳಿಗೊಮ್ಮೆ ಸೇರುತ್ತಿದ್ದ ಜಾಗದ ಬಾಡಿಗೆ ಏರಿತು, ಜಾಗ ಕೈತಪ್ಪಿತು. ಅವರಲ್ಲಿ ಹೆಚ್ಚಿನವರು ನಿವೃತ್ತರು, ಇಬ್ಬರು ಮೂವರು ನಮ್ಮದೇ ಕಲಾ ವಿಭಾಗದ ವಿದ್ಯಾರ್ಥಿಗಳು. ನೋಂದಾಯಿತ ವಿದ್ಯಾರ್ಥಿ ಸಂಘಗಳಿಗೆ ಇಲ್ಲಿ ಕೋಣೆ ಪುಕ್ಕಟೆ, ಹೊರಗಿನವರಿಗೆ ದುಬಾರಿ. ಆದರೆ ವಿಶ್ವವಿದ್ಯಾಲಯದ ನಿಯಮ ಕಟ್ಟುನಿಟ್ಟು: ಹೊರಗಿನವರಿಗಾಗಿ ಸಂಘ ತನ್ನ ಹೆಸರಲ್ಲಿ ಕೋಣೆ ಹಿಡಿದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಸಂಘವೇ ಕಾರ್ಯಕ್ರಮ ನಡೆಸಬೇಕು, ಅಲ್ಲೇ ಇರಬೇಕು, ಹೊಣೆ ಹೊರಬೇಕು. ಈ ನಿಯಮದಿಂದ ನಮಗೆ ಒಳ್ಳೆಯದೇ ಆಯಿತು. ಬರೀ ಬೀಗದ ಕೈ ಕೊಡುವ ಬದಲು ನಿಜವಾಗಿಯೂ ಆತಿಥೇಯರಾದೆವು.

ಆತಿಥ್ಯ ಅಂದರೆ ಬ್ಯಾನರ್, ಸ್ವಾಗತ ಭಾಷಣ, ಶಾಲು ಅಂದ್ಕೋತೀವಿ. ಮೇಣದವರಿಗೆ ಬೇಕಾದದ್ದೇ ಬೇರೆ. ಅವರು ಬಣ್ಣ ಕರಗಿಸೋದು ಯಾವುದರ ಮೇಲೆ ಗೊತ್ತಾ? ನಾವು ಅಪಾರ್ಟ್‌ಮೆಂಟಿನಲ್ಲಿ ದೋಸೆ ಹುಯ್ಯುವ ಅದೇ ಕರೆಂಟಿನ ಕಾವಲಿ. ಒಂದೊಂದೂ ಸುಮಾರು 1500 ವ್ಯಾಟ್. ಇಲ್ಲಿನ 120 ವೋಲ್ಟ್ ಲೆಕ್ಕದಲ್ಲಿ ಅದು 12.5 ಆಂಪ್ ಎಳೆಯುತ್ತೆ. ಅಂದರೆ 15 ಆಂಪಿನ ಒಂದು ಸರ್ಕ್ಯೂಟಿಗೆ ಒಂದೇ ಕಾವಲಿ. ಗೋಡೆಯಲ್ಲಿ ನಾಲ್ಕು ಪ್ಲಗ್ ಕಂಡಿತು ಅಂತ ನಾಲ್ಕು ಹಚ್ಚಿದರೆ ಬ್ರೇಕರ್ ಬಿದ್ದೇ ಬೀಳುತ್ತೆ, ಯಾಕಂದ್ರೆ ಆ ನಾಲ್ಕೂ ಸಾಮಾನ್ಯವಾಗಿ ಒಂದೇ ಸರ್ಕ್ಯೂಟಿಗೆ ಸೇರಿರುತ್ತವೆ. ಪದರ ಬೆಸೆಯುವ ಹೀಟ್ ಗನ್ನಿಗೂ ಹತ್ತಿರ ಹತ್ತಿರ ಅಷ್ಟೇ ಕರೆಂಟ್ ಬೇಕು. ನಮ್ಮ ಎಲೆಕ್ಟ್ರಿಕಲ್ ಹುಡುಗರು ಕಟ್ಟಡದ ಉಸ್ತುವಾರಿಯವರ ಜೊತೆ ಕೂತು, ಯಾವ ಪ್ಲಗ್ ಯಾವ ಸರ್ಕ್ಯೂಟಿನದ್ದು ಅಂತ ಪಟ್ಟಿ ಮಾಡಿ, ಮೇಜುಗಳಿಗೆ ಸಂಖ್ಯೆ ಅಂಟಿಸಿದರು. ಅವತ್ತಿನ ಅತ್ಯುತ್ತಮ ಸ್ವಾಗತ ಭಾಷಣ ಅದೇ.

ಎರಡನೆಯದು ಗಾಳಿ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ಕೆಲಸ ಮಾಡುವಾಗಿನ ಬಿಸಿ 93 ಡಿಗ್ರಿ ದಾಟದಂತೆ ನೋಡ್ಕೋತಾರೆ. ಅತಿಯಾಗಿ ಕಾದರೆ ಕಣ್ಣು ಗಂಟಲು ಉರಿಸುವ ಹೊಗೆ ಏಳುತ್ತೆ. ಸ್ಟೂಡೆಂಟ್ ಯೂನಿಯನ್ನಿನ ಚಂದದ ಹಾಲ್‌ನಲ್ಲಿ ಒಂದು ಕಿಟಕಿಯನ್ನೂ ತೆರೆಯಲಾಗದು. ಅದಕ್ಕೇ ಹೊಗೆ ಎಳೆಯುವ ಫ್ಯಾನ್ ಇರುವ ಕಲಾ ವಿಭಾಗದ ಕೋಣೆ ಕೇಳಿದೆವು. ಮೂರನೆಯದು ಬೆಂಕಿ. ತೆರೆದ ಜ್ವಾಲೆ ಇಲ್ಲಿ ನಿಷಿದ್ಧ, ಹಾಗಾಗಿ ಟಾರ್ಚ್ ಬೇಡ, ಹೀಟ್ ಗನ್ ಮಾತ್ರ. ಮೇಣಕ್ಕೆ ಬೆಂಕಿ ಹತ್ತಿದರೆ, ಕಾದ ಎಣ್ಣೆಯ ಹಾಗೆಯೇ, ನೀರು ಹಾಕಬಾರದು. ಸರಿಯಾದ ಅಗ್ನಿಶಾಮಕ ಪಕ್ಕದಲ್ಲೇ ಇರಬೇಕು. ಪ್ರತಿ ದೀಪಾವಳಿಗೂ ಒಂದು ದೀಪ ಹಚ್ಚಲು ಎಷ್ಟು ಫಾರ್ಮ್ ತುಂಬಿದ್ದೀವಿ! ಆ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಇನ್ನು ಊಟ. ಚಿತ್ರಾನ್ನ, ಮೊಸರನ್ನ, ಕೋಸಂಬರಿ, ಎಲ್ಲವೂ ಕಾರಿಡಾರಿನ ಆಚೆ ತುದಿಯಲ್ಲಿ. ಬಣ್ಣದ ಪುಡಿಗಳಲ್ಲಿ ಕ್ಯಾಡ್ಮಿಯಂನಂಥ ವಿಷದ ವಸ್ತುಗಳೂ ಇರುತ್ತವೆ, ಆದ್ದರಿಂದ ಕೆಲಸದ ಕೋಣೆಯಲ್ಲಿ ತಿನ್ನೋ ಹಾಗಿಲ್ಲ. ಮೇಣಕ್ಕೆ ಬಳಸಿದ ಕಾವಲಿ ಮತ್ತೆ ದೋಸೆಗೆ ಬರೋ ಹಾಗೂ ಇಲ್ಲ. ದಯವಿಟ್ಟು ಯಾರೂ ಮನೆಯ ಕಾವಲಿ ಎರವಲು ಕೊಡಬೇಡಿ.

ಈಗ ಆಕ್ಷೇಪಗಳಿಗೆ ಬರೋಣ. "ನಾಲ್ಕೇ ಜನ ಎಲ್ಲ ಕೆಲಸ ಮಾಡ್ತಾರೆ, ಇನ್ನೊಂದು ಕಾರ್ಯಕ್ರಮ ಯಾಕೆ?" ಅನ್ನೋದು ನಿಜವಾದ ಮಾತು. ಆದರೆ ರಾಜ್ಯೋತ್ಸವಕ್ಕೆ ಹಾಡಲು ಕುಣಿಯಲು ಬಾರದೆ ಹಿಂದಿನ ಸಾಲಲ್ಲಿ ಕೂರುತ್ತಿದ್ದವರು ಅವತ್ತು ಮುಂದೆ ಬಂದರು. ವೈರ್ ಹಿಡಿಯೋಕೆ, ಮೇಜು ಹೊರೋಕೆ ರಾಗ ಗೊತ್ತಿರಬೇಕಾಗಿಲ್ಲ. ಖರ್ಚೂ ಹೆಚ್ಚೇನಲ್ಲ: ಕೋಣೆ ಉಚಿತ, ಮೇಣ, ಕಾವಲಿ, ಹಲಗೆ ಅವರದೇ, ನಮ್ಮದು ಅಡುಗೆ ಮತ್ತು ದುಡಿಮೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: "ಪರದೇಶದಲ್ಲಿ ನಮ್ಮದನ್ನು ಉಳಿಸಿಕೊಳ್ಳೋದೇ ಕಷ್ಟ, ಬೇರೆಯವರದ್ದನ್ನು ಯಾಕೆ ತಲೆ ಮೇಲೆ ಹೊತ್ಕೋಬೇಕು?" ಇದಕ್ಕೆ ಮೇಣಚಿತ್ರದ ಚರಿತ್ರೆಯೇ ಒಂದು ಉತ್ತರ ಕೊಡುತ್ತೆ. ಈ ಕಲೆಯಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ, ಅತ್ಯಂತ ಜೀವಂತ ಚಿತ್ರಗಳಲ್ಲಿ ಈಜಿಪ್ಟಿನ ಫಯೂಮ್ ಪ್ರದೇಶದ ಮುಖಚಿತ್ರಗಳು ಸೇರಿವೆ. ಕ್ರಿ.ಶ. 1ರಿಂದ 3ನೆಯ ಶತಮಾನದವು. ಅಲ್ಲಿ ನೆಲೆಸಿದ್ದ ಗ್ರೀಕರ ವಂಶದವರೂ ಸ್ಥಳೀಯರೂ ಕಲೆತುಹೋಗಿದ್ದರು. ಹೆಸರು ಎಷ್ಟೋ ಸಲ ಗ್ರೀಕ್, ಕೇಶಾಲಂಕಾರ ರೋಮಿನದ್ದು, ಶವಸಂಸ್ಕಾರ ಮಾತ್ರ ಈಜಿಪ್ಟಿನ ಪದ್ಧತಿಯಂತೆ, ಮಮ್ಮಿಯ ಮುಖದ ಜಾಗದಲ್ಲಿ ಈ ಹಲಗೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅಥವಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್‌ಗೆ ಹೋದಾಗ ನೋಡಿ. ಆ ಕಣ್ಣುಗಳು ನಮ್ಮ ಕಡೆಗೇ ನೋಡುತ್ತವೆ. ಎರಡು ಮೂರು ಸಂಸ್ಕೃತಿಗಳ ನಡುವೆ ಬಾಳಿದವರು ಯಾವುದನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಲಿಲ್ಲ.

ಹುಡುಕಿದರೆ ನಮ್ಮೂರಿನ ನಂಟೂ ಸಿಗುತ್ತೆ. ಡಮಾರ್ ಕೊಡುವ ಆಗ್ನೇಯ ಏಷ್ಯಾದ ಮರಗಳೂ ಪಶ್ಚಿಮ ಘಟ್ಟದ ಧೂಪದ ಮರವೂ ಒಂದೇ ಕುಟುಂಬದವು. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಬಣ್ಣ ಹತ್ತಿಸುತ್ತಾರಲ್ಲ, ಅದೂ ಬಿಸಿಯಿಂದಲೇ ಬಣ್ಣ ಬೆಸೆಯುವ ವಿದ್ಯೆ. ಅವತ್ತು ಊಟದ ಮೇಜಿನ ಮೇಲೆ ಚನ್ನಪಟ್ಟಣದ ಒಂದು ಬುಗುರಿ ಇಟ್ಟಿದ್ದೆವು. ಕಲಾವಿದರು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾ ಕೇಳಿದ ಪ್ರಶ್ನೆಗಳು, ನಮ್ಮ ಯಾವ ಸಾಂಸ್ಕೃತಿಕ ಸ್ಟಾಲಿನಲ್ಲೂ ಯಾರೂ ಕೇಳಿದ್ದಿಲ್ಲ. ಆದರೂ ನಂಟು ಸಿಕ್ಕಿದ್ದಕ್ಕೇ ಕರೆಯಬೇಕು ಅಂತ ನಾವು ಹೇಳ್ತಿಲ್ಲ. ನಂಟು ನೋಡಿ ಬಾಗಿಲು ತೆಗೆಯೋದಾದರೆ ಅದು ಆತಿಥ್ಯ ಹೇಗಾದೀತು?

ನಮ್ಮ ಮುಖ್ಯ ಮಾತು ಇಷ್ಟೇ. ಈ ದೇಶಕ್ಕೆ ಬಂದಾಗಿನಿಂದ ನಾವು ಅತಿಥಿಗಳಾಗಿಯೇ ಇದ್ದೀವಿ. ವೀಸಾದಲ್ಲಿ ಅತಿಥಿ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಅತಿಥಿ, ಇಂಟರ್‌ನ್ಯಾಷನಲ್ ನೈಟ್‌ನಲ್ಲಿ ಐದು ನಿಮಿಷದ ಅತಿಥಿ. ನಮ್ಮ ಹಬ್ಬಗಳಲ್ಲಿ ನಾವೇ ಕಲಾವಿದರು, ನಾವೇ ಪ್ರೇಕ್ಷಕರು. ಓದು ಮುಗಿಸಿ ಊರು ಬಿಡುವಾಗ ಇಲ್ಲಿನ ಒಂದು ಮನೆಯವರ ಹೆಸರೂ ಗೊತ್ತಿರದೆ ಹೋದವರು ನಮ್ಮಲ್ಲಿ ಎಷ್ಟೋ ಮಂದಿ. ಜಾಗ ಕಳೆದುಕೊಂಡ ಊರಿನವರಿಗೆ ಒಂದು ದಿನ ಜಾಗ ಮಾಡಿಕೊಟ್ಟಾಗ, ಮೊದಲ ಸಲ ನಾವು ಮನೆಯವರಾದೆವು. ಮೈಕ್ ಹಿಡಿಯದೆ, ಬಾಗಿಲಲ್ಲಿ ನಿಂತು 'ಬನ್ನಿ' ಅನ್ನೋದೂ ಕನ್ನಡದ ಕೆಲಸವೇ.

ಹಾಗಾಗಿ ಹೊಸ ಸಮಿತಿಗೆ ನಮ್ಮ ಸಲಹೆ: ವರ್ಷಕ್ಕೆ ಒಂದೇ ದಿನ, ಸರ್ಕ್ಯೂಟ್ ಎಷ್ಟಿವೆಯೋ ಅಷ್ಟೇ ಮೇಜು, ಕಲಾ ವಿಭಾಗದ ಕೋಣೆಯೇ ಆಗಬೇಕು, ಸಂಘದ ಕಾರ್ಯಕ್ರಮಗಳ ಪಟ್ಟಿಯಲ್ಲಿ ಯುಗಾದಿ, ದೀಪಾವಳಿಗಳ ಜೊತೆಗೇ ಇದೂ ಇರಬೇಕು. ಸೆಮಿಸ್ಟರ್ ಶುರುವಾದ ಮೇಲಿನ ಮೊದಲ ಸರ್ವಸದಸ್ಯರ ಸಭೆಯಲ್ಲಿ ವಿಷಯ ಮತಕ್ಕೆ ಬರುತ್ತೆ. ಬೇಡ ಅನ್ನುವವರೂ ತಪ್ಪದೆ ಬನ್ನಿ, ಮಾತಾಡೋಣ. ಸರ್ಕ್ಯೂಟಿನ ಪಟ್ಟಿ ಸಂಘದ ಫೋಲ್ಡರ್‌ನಲ್ಲಿದೆ. ಕೋಣೆ ಬೇಗ ತುಂಬಿಹೋಗುತ್ತೆ, ಹಾಗಾಗಿ ಮಾರ್ಚ್‌ಗೆ ಬೇಕಾದರೆ ಅಕ್ಟೋಬರ್‌ನಲ್ಲೇ ಹಿಡಿಯಬೇಕು.